ಓಕ್ ತೋಪಿನ ನೀಲಿ ಬಳ್ಳಿ

ಹೊಸ ಬೂಟು ಕಿರುಗುಟ್ಟುತ್ತದೆ, ಸಭೆಯ ನಡುವೆ ನಡೆಯಬೇಕಾಗಿ ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೆಳಿಗ್ಗೆ ದಿನಚರಿಯಲ್ಲಿ ಇಷ್ಟು ಬರೆದು, ಇಂಥದ್ದನ್ನೂ ಬರೆಯುತ್ತಾರೆಯೇ ಎಂದು ನಾಚಿ, ಕೊರಿಂಥಿಯಾ ಅದನ್ನು ಹೊಡೆದುಹಾಕಿದ್ದಳು.

ವೆದರ್ಲಿ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದವಳಿಗೆ ಅಲ್ಲೇ ಸ್ಮಾರಕದ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಸುಟ್ಟವರು, ಹೊತ್ತವರು, ಹುಡುಗರ ಕೋಣೆಗಳಿಗೆ ಸೌದೆ ಹಾಕಿದವರು ಎಲ್ಲರೂ ಗುಲಾಮರು. ಜಾರ್ಜಿಯಾದ ಈ ಕೆಂಪು ಮಣ್ಣಿನಲ್ಲಿ ಅವರ ಹೆಸರು ಕೆತ್ತಿದ ಗೋಡೆಯೊಂದು ಏಳಲಿತ್ತು. ಮೊದಲು ಮುಂಬಾಗಿಲ ಹುಲ್ಲುಹಾಸಿನಲ್ಲಿ ಎಂದಿದ್ದರು. ಹಳೆಯ ವಿದ್ಯಾರ್ಥಿಗಳು ಮುಖ ಸಿಂಡರಿಸಿದ ಮೇಲೆ ಜಾಗ ಪ್ರಾರ್ಥನಾಮಂದಿರದ ಹಿಂದಿನ ಓಕ್ ತೋಪಿಗೆ ಸರಿಯಿತು. ಬೇಲಿ ಹಾಕಿ ಬೀಗ ಜಡಿದಿದ್ದ ಆ ತೋಪಿನೊಳಗೆ ಅವಳು ಕಾಲಿಟ್ಟದ್ದು ಇವತ್ತೇ, ಗುದ್ದಲಿಪೂಜೆಯಂತಹ ಈ ಸಮಾರಂಭಕ್ಕೆ.

ಹಿರಿಯರ ನೆನಪಿಗೆ ನೆಲಕ್ಕೆ ನೀರೆರೆಯುವುದು ಅವಳ ಅಜ್ಜಿ ಲೂಡಿಯ ಪಾಲಿಗೆ ಬಂದಿತ್ತು. ಭಾನುವಾರದ ನೇರಳೆ ಟೋಪಿ ತೊಟ್ಟು, ಚರ್ಚಿನ ಬೀಸಣಿಗೆ ಬೀಸುತ್ತ ಅಜ್ಜಿ ದಾರಿಯುದ್ದಕ್ಕೂ ಗೊಣಗಿದ್ದಳು.

"ನಮ್ಮಮ್ಮ ಈ ವಿಶ್ವವಿದ್ಯಾಲಯದೋರ ಅಡುಗೆಮನೇಲಿ ಬೆನ್ನು ಬಾಗೋವರೆಗೂ ಪಾತ್ರೆ ತಿಕ್ಕಿದ್ಲು. ಒಂದ್ ಲೋಟ ನೀರು ಬೇಕೇನಮ್ಮ ಅಂತ ಒಬ್ರೂ ಕೇಳ್ಲಿಲ್ಲ. ಈಗ ನೋಡು, ಬೆಳ್ಳಿ ಹೂಜೀಲಿ ಕೊಡ್ತಾರಂತೆ. ಅದೂ ನೆಲಕ್ಕೆ ಹೊಯ್ಯೋಕೆ!"

"ಅಜ್ಜಿ, ಮೆಲ್ಲಗೆ."

"ನಿನ್ನ ಪಾಲಿನ ಗಂಟಲೂ ನಂಗೇ ಬಂದಿದೆ, ಏನ್ ಮಾಡ್ಲಿ?"

ತೋಪಿನ ನೆರಳಿಗೆ ಬಂದದ್ದೇ ಅಜ್ಜಿ ನಿಂತುಬಿಟ್ಟಳು. ವೇದಿಕೆಯ ಪಕ್ಕ, ಹಿಂದಿನ ದಿನ ಕಿತ್ತು ರಾಶಿ ಹಾಕಿದ ಬಳ್ಳಿ ಬಾಡುತ್ತಿತ್ತು. ಹೊಳೆಯುವ ಸಣ್ಣ ಎಲೆ, ನಡುವೆ ನೀಲಿ ಹೂವು. ರಾಶಿಯ ಮೇಲೆ ಕತ್ತಿಯಂಥ ಎಲೆಗಳ ಗಿಡವೊಂದು ಬೇರು ಮೇಲಾಗಿ ಬಿದ್ದಿತ್ತು. ಬಳ್ಳಿಯ ಕೆಳಗೆ ಸಿಕ್ಕಿದ ಕಾಡುಗಲ್ಲುಗಳನ್ನು ತೊಳೆದು, ವೇದಿಕೆಯ ಹೂಕುಂಡಗಳ ಸುತ್ತ ಅಂದವಾಗಿ ಜೋಡಿಸಿದ್ದರು.

ಅಜ್ಜಿಯ ಬೀಸಣಿಗೆ ನಿಂತಿತು. "ಇದನ್ನ ಯಾರು ಕಿತ್ತಿದ್ದು?"

ಕೊರಿಂಥಿಯಾ ಬಳ್ಳಿಯನ್ನೂ ಕಲ್ಲುಗಳನ್ನೂ ಮತ್ತೊಮ್ಮೆ ನೋಡಿದಳು. ಅಜ್ಜಿಯ ಹಳ್ಳಿಯ ಚರ್ಚಿನ ಹಿಂದೆಯೂ ಇದೇ ಬಳ್ಳಿ. ಹೆಸರು ಕೆತ್ತಿದ ಕಲ್ಲನ್ನು ಧಣಿಗಳು ನಿಲ್ಲಿಸಗೊಡದ ಕಾಲದಲ್ಲಿ, ತಮ್ಮವರನ್ನು ಹೂತ ಮೇಲೆ ಇದನ್ನು ನೆಡುತ್ತಿದ್ದರು. ಚಳಿಗಾಲದಲ್ಲೂ ಹಸಿರು ಆರಬಾರದೆಂದು. ತಲೆಯ ಕಡೆಗೊಂದು ಕಾಡುಗಲ್ಲು, ಪಕ್ಕಕ್ಕೊಂದು ಕತ್ತಿಯೆಲೆಯ ಗಿಡ. ಚಿಕ್ಕವಳಿದ್ದಾಗ ಚೆಂಡಿನ ಹಿಂದೆ ಓಡಿ ಬಳ್ಳಿ ತುಳಿದದ್ದಕ್ಕೆ ಅಜ್ಜಿ ಕಾಲಿಗೆ ಬಾರಿಸಿದ್ದಳು.

ಅವಳು ಬಿಳಿಯ ಕುರ್ಚಿಗಳ ಸಾಲು ದಾಟಿ, ಸ್ಮಾರಕದ ನಿರ್ದೇಶಕ ಡಾಕ್ಟರ್ ಟಾಲಿವರ್ ಅವರ ತೋಳು ಮುಟ್ಟಿದಳು. ಈ ಗೋಡೆಗಾಗಿ ಬಾಗಿಲು ಬಾಗಿಲು ತಟ್ಟಿ ತಲೆ ನರೆಸಿಕೊಂಡ ಕಪ್ಪು ಮನುಷ್ಯ. ಇಲ್ಲಿ ಗೋರಿಗಳಿವೆ ಎಂದು ಅವಳು ಪಿಸುಗುಟ್ಟಿದ್ದನ್ನು ಕೇಳಿ, ಹೂಕುಂಡಗಳ ಕಲ್ಲು ನೋಡಿ, ಅವರ ಮುಖ ಕಳೆಗುಂದಿತು.

"ನೆಲ ಪರೀಕ್ಷೆ ಮಾಡ್ಸಿದೀವಲ್ಲ."

"ಕೊಳವೆ, ತಂತಿ ಇದೆಯಾ ಅಂತ ನೋಡಿದ್ರು ಸರ್. ಮನುಷ್ಯರಿದಾರಾ ಅಂತ ನೋಡ್ಲಿಲ್ಲ."

"ಇವತ್ತೊಂದು ದಿನ ಸುಮ್ನಿರು. ಆಡಳಿತ ಮಂಡಳಿ ಒಪ್ಪಿದ್ದೇ ದೊಡ್ಡದು. ಈಗ ನಿಂತ್ರೆ ನಿಂತೇಹೋಗುತ್ತೆ, ಗೋಡೆಯೂ ಇಲ್ಲ, ಹೆಸರೂ ಇಲ್ಲ. ಕಾಯ್ಕೊಂಡಿರೋದು ಅವರು ಅದನ್ನೇ."

"ಭಾಷಣ ಮುಗೀತಿದ್ದಂಗೇ ಅಲ್ಲಿ ನಿಂತಿರೋ ಯಂತ್ರ ಅಗೆಯುತ್ತೆ ಸರ್."

"ಕೈ ಮುಗಿದು ಕೇಳ್ತೀನಿ, ಕೊರಿಂಥಿಯಾ." ನಿಜಕ್ಕೂ ಅವರು ಕೈ ಮುಗಿದರು. ಆಗಲೇ ಯಾರೋ ಅವರನ್ನು ವೇದಿಕೆಗೆ ಕರೆದರು.

ಅವಳು ಮರಳಿ ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯ ಪಕ್ಕ ಕುಳಿತಳು. "ನೀನೇ ಹೇಳು ಅಜ್ಜಿ. ನಿನ್ನ ಮಾತು ಕೇಳ್ತಾರೆ."

"ನಾನು ಹೇಳಿದ್ರೆ, ಪಾಪ ಮುದುಕಿ, ಬಿಸಿಲು ನೆತ್ತಿಗೇರಿದೆ ಅಂತಾರೆ. ನೆರಳಲ್ಲಿ ಕೂರಿಸಿ ಪಾನಕ ಕೊಡ್ತಾರೆ. ನೀನು ಇವರ ಹತ್ರಾನೇ ಓದಿದೋಳು. ನಿನ್ನ ಮಾತಿಗೆ ಇವರೇ ಪದವಿಯ ಮುದ್ರೆ ಒತ್ತಿ ಕೊಟ್ಟಿಲ್ವಾ?"

"ನನ್ನಿಂದ ಆಗಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಿದ್ದ ಬಳ್ಳಿಯ ಎಳೆಯೊಂದನ್ನು ಬಾಗಿ ಎತ್ತಿ, ಮಡಿಲಲ್ಲಿಟ್ಟು, ಮಗುವಿನ ಕೂದಲು ಬಿಡಿಸುವಂತೆ ಗಂಟು ಬಿಡಿಸತೊಡಗಿದಳು. ನೀರೆರೆಯಲು ಅಜ್ಜಿಯ ಹೆಸರು ಕೂಗಿದರು. ಅಜ್ಜಿ ಏಳಲಿಲ್ಲ. ಮತ್ತೆ ಕೂಗಿದರು. ಜನ ಕತ್ತು ತಿರುಗಿಸಿದರು, ಕೆಲವರು ಕನಿಕರದಿಂದ ನಕ್ಕರು. ಮುಜುಗರ ಮುಚ್ಚಲು ವಿಶ್ವವಿದ್ಯಾಲಯದ ಅಧ್ಯಕ್ಷರು ತಾವೇ ಹೊಳೆಯುವ ಗುದ್ದಲಿ ಎತ್ತಿಕೊಂಡರು, ವೇದಿಕೆಯ ಮೇಲಿನ ಉಳಿದವರೂ ಎತ್ತಿಕೊಂಡರು. ಅವರ ಹಿಂದೆ ಹಳದಿ ಯಂತ್ರ ಗುರುಗುಟ್ಟಿ ಎಚ್ಚರಗೊಂಡಿತು. ಕೊರಿಂಥಿಯಾಳ ಕುರ್ಚಿಯ ಕಾಲಿಗೂ ಆ ನಡುಕ ಹತ್ತಿತು. ಇದೇ ನಡುಕ ನೆಲದೊಳಗೂ ಹೋಗುತ್ತಿದೆ, ಅಲ್ಲಿ ಮಲಗಿದವರಿಗೂ ತಾಗುತ್ತಿದೆ.

ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಅಡಿಯಲ್ಲಿ ನುಸುಳಿ, ಯಂತ್ರದ ಎದುರಿನ ಬರಿಮಣ್ಣಿನ ಅಂಚಿಗೆ ಬಂದು ನಿಂತಳು. ಡಾಕ್ಟರ್ ಟಾಲಿವರ್ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಅವರ ಕಣ್ಣು ತುಂಬಿತ್ತು. ಆ ಕಣ್ಣನ್ನು ನೋಡುತ್ತಲೇ ಅವಳು ಬಾಯಿ ತೆರೆದಳು.

"ಅಗೀಬೇಡಿ. ನಮ್ಮೋರು ಇದರ ಕೆಳಗಡೇನೇ ಇದಾರೆ."