ಬದಲಿಸಿದವರು: ಸುಮಾ

ಮದುವೆಯಾಗಿ ಹೋದ ಜೋಡಿಗಳ ಫೋಟೋಗಳನ್ನು ಸುಮಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಹರಿಹರದ ಆ ವಧೂವರರ ಕೇಂದ್ರದಲ್ಲಿ ಬೆಳಗಿನ ಮೊದಲ ಕೆಲಸವೇ ಅದು. ಗಾಜಿನ ಮೇಲೆ ಧೂಳು ಕೂತರೆ ಸಂಬಂಧ ಕೂಡುವುದಿಲ್ಲ ಅಂತ ಮಾಲೀಕ ವಾಮದೇವಪ್ಪನ ಅಪ್ಪಣೆ. ಗಾಜಿನ ಹಿಂದಿನ ಧೂಳಿನ ಬಗ್ಗೆ ಅವನ ಅಪ್ಪಣೆ ಏನೂ ಇರಲಿಲ್ಲ.

ಬಾಗಿಲ ಪಕ್ಕದ ಬೆಂಚಿನಲ್ಲಿ ಗುತ್ತೂರಿನ ಕೊಟ್ರವ್ವ ಆಗಲೇ ಬಂದು ಕೂತಿದ್ದಳು. ಅವಳು ತಿಂಗಳುಗಟ್ಟಲೆ ಅಲೆಯುತ್ತಿದ್ದದ್ದು ಒಂದು ಪತ್ರಕ್ಕೆ. ಮಗಳು ಚೈತ್ರಾಳ ಮೊದಲ ಮದುವೆ ಮುರಿದಿತ್ತು. ಅದನ್ನು ಅವ್ವ, ಮಗಳು ಇದೇ ಬೆಂಚಿನಲ್ಲಿ ಕೂತು ಬಾಯಿಬಿಟ್ಟು ಹೇಳಿದ್ದರು, ಸುಮಾನೇ ಬರೆದುಕೊಂಡಿದ್ದಳು. ಆದರೆ ಕುಕ್ಕುವಾಡದ ಗಂಡಿನವರಿಗೆ ಹೋದ ವಿವರದಲ್ಲಿ 'ಮದುವೆಯಾಗಿಲ್ಲ' ಎಂದಿತ್ತು. ನಿಶ್ಚಿತಾರ್ಥದ ಎಲೆ ಅಡಿಕೆಯ ಮುಂದೆ ಸಂಗತಿ ಬಯಲಾಗಿ, ಹುಡುಗಿಗೆ ಮೋಸಗಾತಿ ಅಂದು ಅವರು ಎದ್ದು ಹೋದರು. ಅವತ್ತಿನಿಂದ ಚೈತ್ರಾ ಬೀದಿ ನಲ್ಲಿಗೂ ಹೋಗುತ್ತಿರಲಿಲ್ಲ.

'ಹುಡುಗಿ ಏನೂ ಮುಚ್ಚಿಡಲಿಲ್ಲ, ತಪ್ಪು ಕೇಂದ್ರದ್ದು' ಎಂಬ ಪತ್ರವನ್ನು ಕುಕ್ಕುವಾಡದವರಿಗೆ ಕಳಿಸಲು ಸುಮಾ ಆ ವಾರವೇ ಟೈಪು ಮಾಡಿಟ್ಟಿದ್ದಳು. ವಿವರ ತಿದ್ದಿದವರು ಯಾರೆಂದು ತೀರ್ಮಾನವಾಗದೆ ಸಹಿ ಹಾಕೋದಿಲ್ಲ ಅಂತ ವಾಮದೇವಪ್ಪ ಕೂತುಬಿಟ್ಟಿದ್ದ. ದಾವಣಗೆರೆಯ ಅವನ ಅಂಗಡಿಯಲ್ಲೊಂದು ಕಂಪ್ಯೂಟರ್, ಇಲ್ಲೊಂದು. ಎರಡರಲ್ಲೂ ಅವೇ ದಾಖಲೆಗಳು. ನೆಟ್ ಬಂದಾಗ ಅಲ್ಲಿ ತಿದ್ದಿದ್ದು ಇಲ್ಲಿಗೆ, ಇಲ್ಲಿ ತಿದ್ದಿದ್ದು ಅಲ್ಲಿಗೆ ತಾನಾಗಿ ನಕಲಾಗುತ್ತಿತ್ತು. ಪ್ರತಿ ದಾಖಲೆಯ ಬುಡದಲ್ಲಿ 'ಬದಲಿಸಿದವರು' ಅಂತ ಒಂದು ಸಾಲು. ಚೈತ್ರಾಳ ದಾಖಲೆಯ ಬುಡದಲ್ಲಿ ಸುಮಾಳ ಹೆಸರಿತ್ತು.

ಅವತ್ತು ವಾಮದೇವಪ್ಪ ಕಂಪ್ಯೂಟರ್ ಜೋಡಿಸಿಕೊಟ್ಟ ಅಸದ್‌ನನ್ನೂ ಕರೆದುಕೊಂಡು ದಾವಣಗೆರೆಯಿಂದ ಬಂದ. ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ, ಪರದೆಯನ್ನು ಕೊಟ್ರವ್ವನ ಕಡೆ ತಿರುಗಿಸಿದ.

"ನೀವೇ ನೋಡ್ರಿ. ಮನುಷ್ಯರು ಸುಳ್ಳು ಹೇಳ್ತಾರೆ, ಕಂಪ್ಯೂಟರ್ ಹೇಳಲ್ಲ. ಇವಳನ್ನ ಇವತ್ತೇ ಕೆಲಸದಿಂದ ತೆಗೀತೀನಿ. ಪತ್ರದಾಗೂ ಇವಳ ಹೆಸರೇ ಹಾಕ್ತೀನಿ."

ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಯಾರಾದರೂ ಸಿಟ್ಟು ಮಾಡುತ್ತಾರೆಯೇ? ಸುಮಾಳಿಗೂ ಸಿಟ್ಟು ಬರಲಿಲ್ಲ. ಬಟ್ಟೆ ಹಿಂಡಿ, ಕೈ ಒರೆಸಿಕೊಂಡು ಬಂದು, ಇನ್ನೊಂದು ದಾಖಲೆ ತೆಗೆದಳು. ವರರ ಪಟ್ಟಿಯಲ್ಲಿ ಈ ಯಜಮಾನನೂ ಇದ್ದ. ಹೆಂಡತಿ ತೀರಿದ ಮೇಲೆ ತನ್ನನ್ನು ತಾನೇ ಸೇರಿಸಿಕೊಂಡಿದ್ದ. ಮೊದಲು ಐವತ್ತೆಂಟು ಅಂತಿದ್ದ ವಯಸ್ಸು ದಸರಾ ಕಳೆಯುವುದರೊಳಗೆ ನಲವತ್ತೊಂಬತ್ತಕ್ಕೆ ಇಳಿದಿತ್ತು. ಬುಡದಲ್ಲಿ ಅದೇ ಸುಮಾಳ ಹೆಸರು.

"ಯಜಮಾನ್ರೇ, ನಿಮ್ಮ ವಯಸ್ಸು ಇಳಿಸಿದೋಳೂ ನಾನೇ ಏನ್ರಿ?"

ಕೊಟ್ರವ್ವ ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. "ಮೀಸೆಗೆ ಬಣ್ಣ ಹಚ್ಚಿದೋಳೂ ಇವಳೇ ಇರಬೇಕು ಬಿಡವ್ವ," ಅಂದಳು.

ಅಸದ್ ಪರದೆಯತ್ತ ಬಗ್ಗಿ, ಅದು ಇದು ತೆಗೆದು ನೋಡಿ, ತಲೆ ಕೆರೆದುಕೊಂಡ. "ತಪ್ಪು ನಂದು ರೀ. ನಕಲು ತರೋ ಕೆಲಸಕ್ಕೆ ಅಕ್ಕನ ಹೆಸರು, ಪಾಸ್‌ವರ್ಡ್ ಹಾಕಿಬಿಟ್ಟೀನಿ. ಅಲ್ಲಿಂದ ಏನೇ ಬಂದರೂ ಅಕ್ಕನ ಹೆಸರೇ ಬೀಳ್ತೈತೆ. ಟಪಾಲಿನವನ ಹೆಸರನ್ನೇ ಕಾಗದ ಬರೆದೋರ ಹೆಸರು ಅಂದಂಗಾತು. ಇವೆರಡೂ ಇಲ್ಲಿ ತಿದ್ದಿದ್ದಲ್ಲ, ದಾವಣಗೆರೆಯಾಗೆ."

ದಾವಣಗೆರೆಯ ಅಂಗಡಿಯ ಬೀಗದ ಕೈ ವಾಮದೇವಪ್ಪನ ಉಡಿದಾರ ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಅವನ ಕೈ ತಾನೇ ಸೊಂಟಕ್ಕೆ ಹೋಯಿತು. ಎರಡನೇ ಸಂಬಂಧ ಅಂದರೆ ಯಾರು ಬರ್ತಾರೆ, ಹುಡುಗಿಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು ಅಂತೇನೋ ಗೊಣಗಿದ. ಸುಮಾ ಪತ್ರ ತಂದು ಮುಂದಿಟ್ಟಳು.

"ಇಲ್ಲಿ ಸಹಿ ಹಾಕ್ರಿ. ಓದೋದು ಬ್ಯಾಡ, ನೀವು ಬಲ್ಲದ್ದೇ ಐತೆ."

ಹಾಕಿದ.

ಇಬ್ಬರು ಹೆಂಗಸರೂ ಬಿಸಿಲಲ್ಲೇ ಅಂಚೆ ಕಚೇರಿಗೆ ನಡೆದರು. ಸ್ಪೀಡ್ ಪೋಸ್ಟಿನ ಕಿಟಕಿಯಲ್ಲಿ ಕೂತವನು ಲಕೋಟೆ ತೂಗಿ, ಕಳಿಸುವವರ ಹೆಸರಿಲ್ಲವೆಂದು ಹಿಂದಕ್ಕೆ ತಳ್ಳಿದ. ದಾರಕ್ಕೆ ಕಟ್ಟಿದ್ದ ಪೆನ್ನು ಎಳೆದುಕೊಂಡು ಸುಮಾ ಬರೆದಳು: ವಾಮದೇವಪ್ಪ, ದಾವಣಗೆರೆ. ಅಕ್ಷರ ಓದಲು ಬಾರದ ಕೊಟ್ರವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಲಕೋಟೆ ಚೀಲದೊಳಕ್ಕೆ ಬಿದ್ದ ಮೇಲೂ ಅವಳು ಕಿಟಕಿ ಬಿಡಲಿಲ್ಲ. ಚೀಲದ ಬಾಯಿ ಕಟ್ಟುವವರೆಗೆ ಅಲ್ಲೇ ನಿಂತಳು.