ತುಕ್ಕು ನುಂಗಿದ ವಿಷ

"ನಿನ್ನ ಕೊಳಕು ಕೈನ ಬಾಟ್ಲಿ ಒಳಗೆ ತುರುಕಬ್ಯಾಡ ಕಣೇ ಲೌಡಿ. ಆಮೇಲೆ ಗಣಿಯಿಂದ ವಿಷ ಬಂತು ಅಂತ ನಿಮ್ಮೋರೇ ಬಾಯಿ ಬಡ್ಕೋತಾರೆ."

ಇಂಜಿನಿಯರ್ ಉರ್ಕಿಸೋ ಹೀಗಂದಾಗ ನೆಮೆಸಿಯಾ ಚೋಕೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಅದಿರು ತೊಳೆದ ಕೆಸರು ನಿಲ್ಲುವ ಗಣಿಯ ಕೆರೆಯ ಕೆಳಗಿನ ಪರೀಕ್ಷೆ ಬಾವಿಯಿಂದ ನೀರೆತ್ತುವುದು ಆರು ವರ್ಷದಿಂದ ಅವಳ ಕೂಲಿ. ಇವತ್ತು ನೀರಿನ ಬಾಟಲಿಗೆ ಮೊಹರು ಹಾಕಿ ಒಯ್ಯಲು ರಾಜಧಾನಿಯಿಂದ ಅಧಿಕಾರಿ ಬಂದಿದ್ದ. ಜೀಪಿನಿಂದ ಇಳಿದೇ ಇರಲಿಲ್ಲ.

ಮೊದಲ ಬಾವಿಗೆ ಪ್ಲಾಸ್ಟಿಕ್ ಕೊಳವೆ ಇಳಿಸಿದ್ದರು. ಅದರ ನೀರಿನಲ್ಲಿ ಆರ್ಸೆನಿಕ್ ವಿಷ ಸಿಕ್ಕಿತು. ಮರುವಾರವೇ ಉರ್ಕಿಸೋ ಅದರ ಬಾಯಿಗೆ ಸಿಮೆಂಟು ಬಡಿಸಿದ. ಹತ್ತು ಹೆಜ್ಜೆ ಆಚೆ ಇನ್ನೊಂದು ಕೊರೆಸಿ, ಗುಜರಿಯಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಕಬ್ಬಿಣದ ಕೊಳವೆ ಇಳಿಸಿದ. ಅದನ್ನು ಹೊತ್ತ ಹೆಗಲುಗಳಲ್ಲಿ ನೆಮೆಸಿಯಾಳದೂ ಒಂದು. ಆಮೇಲೆ ಬಂದ ವರದಿಗಳೆಲ್ಲ ಶುದ್ಧ. ಆ ನೆಲದ ನೀರನ್ನೇ ಕುಡಿಯುವ ಕೆಳಗಿನ ಊರಿನಲ್ಲಿ ಮಾತ್ರ ಅವಳ ಅಕ್ಕ ಇಲಾರಿಯಾಳ ಅಂಗೈಯಲ್ಲಿ ಆಣಿಯಂಥ ಗಂಟುಗಳು ಏಳುತ್ತಲೇ ಇದ್ದವು. ಆಲೂಗಡ್ಡೆ ಸುಲಿಯಲೂ ಅವಳಿಂದಾಗುತ್ತಿರಲಿಲ್ಲ.

ಬಾವಿ ಕೊರೆಯುವ ಮುದುಕ ತಿಬುರ್ಸಿಯೋ ಹೋದ ವಾರ ನೆಮೆಸಿಯಾಳಿಗೆ ಗುಟ್ಟು ಬಿಟ್ಟುಕೊಟ್ಟಿದ್ದ: "ತುಕ್ಕು ಆರ್ಸೆನಿಕ್ಕನ್ನ ಹಿಡ್ಕಂಬುಡ್ತದೆ ಕಣವ್ವ. ಕೊಳವೇಲಿ ನಿಂತ ನೀರ್ನ ಹೊರಕ್ ಚೆಲ್ಲಿ, ಹೊಸ ನೀರ್ ಬಂದ್ಮೇಲೆ ತುಂಬ್ಬೇಕು. ಈ ಇಂಜಿನಿಯರ್ ಬೋಳಿಮಗ ನಿಂತ ನೀರ್ನೇ ತುಂಬುಸ್ತಾನೆ."

ನೆಮೆಸಿಯಾ ಬಾಟಲಿ ಕೆಳಗಿಟ್ಟಳು. ಹಾರೆ ಎತ್ತಿಕೊಂಡು ಪ್ಲಾಸ್ಟಿಕ್ ಕೊಳವೆಯ ಹಳೆ ಬಾವಿಯ ಕಡೆ ನಡೆದಳು.

"ಎಲ್ಲಿಗೇ?"

ಮೂರನೇ ಏಟಿಗೆ ಸಿಮೆಂಟು ಬಿರಿಯಿತು. ಉರ್ಕಿಸೋ ಓಡಿಬಂದು ಅವಳ ಜಡೆ ಹಿಡಿದೆಳೆದ. ಅವಳು ಹಾರೆಸಮೇತ ತಿರುಗಿದಳು.

"ಬಿಡು. ಇಲ್ದಿದ್ರೆ ಮೊಣಕಾಲು ಮುರೀತೀನಿ."

ಬಿಟ್ಟ. ಅವಳು ನಿಂತ ನೀರನ್ನು ಸೇದಿ ಸೇದಿ ಚೆಲ್ಲಿದಳು. ತಣ್ಣಗೆ ಹೊಸ ನೀರು ಬಂದ ಮೇಲೆ ಬಾಟಲಿ ತುಂಬಿ ಅಧಿಕಾರಿಯ ಮುಂದೆ ಹಿಡಿದಳು.

"ಸಾಹೇಬ್ರೆ, ಇದಕ್ಕೂ ಮೊಹರು ಹಾಕಿ."

"ಈ ಬಾವಿ ನನ್ನ ಪಟ್ಟಿಲಿಲ್ಲಮ್ಮ."

"ನಮ್ಮಕ್ಕನ ಕೈನೂ ನಿಮ್ಮ ಪಟ್ಟಿಲಿಲ್ಲ."

"ನಾಳೆಯಿಂದ ಕೆಲಸಕ್ಕೆ ಬರಬ್ಯಾಡ," ಅಂದ ಉರ್ಕಿಸೋ, ಜೀಪು ಹತ್ತುತ್ತ.

"ಆ ಕೆಲಸಾನ ನಿನ್ನ ಮುಕುಳೀಗೆ ತುರುಕ್ಕೋ."

ಅಧಿಕಾರಿ ಗಾಜು ಏರಿಸಿದ. ನೆಮೆಸಿಯಾ ಬಾಟಲಿಯನ್ನು ಮಡಿಲಿಗಿಟ್ಟುಕೊಂಡು ಗಾಲಿಯ ಮುಂದೆ ಕೂತಳು. ಹಾರೆಯ ಸದ್ದಿಗೆ ಲಾಮಾ ಮಂದೆಯ ಉಣ್ಣೆ ಕತ್ತರಿಸುತ್ತಿದ್ದ ಹೆಂಗಸರು ದಿಬ್ಬದಿಂದ ಇಳಿದು ಬಂದಿದ್ದರು. ಅವರ ಜೊತೆ ಬಂದಿದ್ದ ಇಲಾರಿಯಾ ತಂಗಿಯ ಪಕ್ಕ ಕೂತಳು. ಆಮೇಲೆ ಉಳಿದವರು.

ಚಾಲಕ ಆಗಷ್ಟೇ ಶುರುಮಾಡಿದ್ದ ಜೀಪಿನ ಇಂಜಿನ್ನು ನಿಲ್ಲಿಸಿದ.

"ಯಾಕೋ ನಿಲ್ಸಿದೆ? ಹತ್ಸೋ ಅವರ ಮೇಲೆ," ಅಂದ ಉರ್ಕಿಸೋ.

ಚಾಲಕ ಕೀಲಿಕೈ ಕಿತ್ತು ಅವನ ಮುಂದೆ ಹಿಡಿದ. "ನೀವೇ ಹತ್ಸಿ, ಇಂಜಿನಿಯರ್ರೇ."

ಉರ್ಕಿಸೋ ಕೀಲಿಕೈ ಕಸಿದುಕೊಂಡ. ಯಾವ ಹೆಂಗಸೂ ಏಳಲಿಲ್ಲ.