ಅಮುದಾ ಕೆಲಸ ಬಿಡಲಿಲ್ಲ

ತಮಿಳು ಸೀಮೆಯ ತೇವಾರಂನಲ್ಲಿ, ಕನ್ನಡದವರ ನಮ್ಮ ಬೀದಿಯಲ್ಲಿ ಕೂಸು ಹುಟ್ಟಿದರೆ ಗಂಡೋ ಹೆಣ್ಣೋ ಎಂಬುದು ಎರಡನೆಯ ಮಾತು. ಸಕ್ಕರೆ ನೀರು ಯಾರು ಇಟ್ಟರು ಎಂಬುದೇ ಮೊದಲ ಮಾತು. ಹಿರಿಯರೊಬ್ಬರು ಬೆರಳದ್ದಿ ಕೂಸಿನ ನಾಲಿಗೆಗೆ ಮುಟ್ಟಿಸುತ್ತಾರೆ. ಮುಟ್ಟಿಸಿದವರ ಗುಣ ಕೂಸಿಗೆ ಬರುತ್ತದೆಂದು ನಂಬಿಕೆ. ಬೀದಿಯ ಹಿರಿಯಜ್ಜಿ ರಂಗಮ್ಮಾಳ್ ನಲವತ್ತು ಕೂಸುಗಳಿಗೆ ಇಟ್ಟವರು.

ಅಮುದಾ ಅದೇ ಬೀದಿಯ ಹುಡುಗಿ. ನರ್ಸಿಂಗ್ ಮುಗಿಸಿ ಹತ್ತಿರದ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸೇರಿ ಮೂರು ವಾರವಾಗಿತ್ತು. ಒಂದು ದಿನ ರಂಗಮ್ಮಾಳ್ ನೆರೆಮನೆಯ ಕೂಸಿಗೆ ಸಕ್ಕರೆ ನೀರು ಇಡಲು ಬಂದರು. ಎಳೆಗೂಸಿಗೆ ಇದು ಕೂಡದು ಎಂದು ಅಮುದಾ ಎಲ್ಲರೆದುರು ಬಟ್ಟಲು ಕಸಿದು ಸುರಿದುಬಿಟ್ಟಳು. ರಂಗಮ್ಮಾಳ್ ಎದ್ದು ಹೋದರು.

ಅಂದಿನಿಂದ ಬೀದಿ ಅವಳ ಜೊತೆ ಮಾತು ಬಿಟ್ಟಿತು. ಬಸುರಿಯರು ಬಿ.ಪಿ. ನೋಡಿಸಿಕೊಳ್ಳಲೂ ಬೇರೆ ನರ್ಸನ್ನು ಕೇಳಿದರು. ತನಗೆ ಈ ಕೆಲಸ ಒಗ್ಗುವುದಿಲ್ಲವೇನೋ ಎಂದು ಅವಳಿಗೇ ಅನ್ನಿಸತೊಡಗಿತು.

"ಕೆಲ್ಸ ಬಿಡ್ತೀನಂತ ಬರ್ದು ಕೊಟ್ಬುಟ್ಟು ತೋಟಕ್ಕೆ ಬಾಮ್ಮಾ," ಎಂದರು ಅಪ್ಪ ಪೆರುಮಾಳ್. "ದ್ರಾಕ್ಷಿ ಬಳ್ಳಿ ಯಾರ ಮ್ಯಾಲೂ ಕ್ವಾಪ ಮಾಡ್ಕೊಳ್ಳಾಕಿಲ್ಲ."

ಅಮುದಾ ರಾಜೀನಾಮೆ ಬರೆದು ಹಿರಿಯ ನರ್ಸ್ ಪಾಂಡೀಶ್ವರಿಗೆ ಕೊಟ್ಟಳು. ಅವರೂ ನಮ್ಮವರೇ, ಚಿನ್ನಮನೂರಿನವರು. ಮೊದಲ ವರ್ಷ ತಾನೂ ಎರಡು ಸಲ ಬರೆದಿದ್ದೆ ಎಂದರು. ಆಮೇಲೆ ಕೇಳಿದರು:

"ನೀ ಹೇಳಿದ್ದು ಸರಿ ಕಣಮ್ಮಾ. ಆದ್ರೆ ಆ ಅಜ್ಜಿ ಕೈಯಿಂದ ಬಟ್ಲು ಕಿತ್ಕೊಂಡಿ. ಬದ್ಲಿಗೆ ಏನ್ ಕೊಟ್ಟಿ?"

ಅಮುದಾ ರಾಜೀನಾಮೆಯ ಕಾಗದವನ್ನು ವಾಪಸು ಪಡೆದು ಮಡಿಚಿಟ್ಟುಕೊಂಡಳು.

ಆ ವಾರ ರಂಗಮ್ಮಾಳ್ ಅವರ ಮೊಮ್ಮಗಳು ಸುಗನ್ಯಾಳ ಹೆರಿಗೆ ಹತ್ತಿರವಾಗಿತ್ತು. ಅಮುದಾ ಅವರ ಮನೆಗೆ ಹೋದಳು. ಯಾರೂ ಕೂರು ಎನ್ನಲಿಲ್ಲ. ನಿಂತೇ ಹೇಳಿದಳು. ಬಟ್ಟಲು ಕಸಿದದ್ದು ತನ್ನ ತಪ್ಪು. ಆದರೆ ಸಕ್ಕರೆ ನೀರಿನಿಂದ ಎಳೆಗೂಸಿಗೆ ಸೋಂಕು ತಗಲಬಹುದು, ಅದು ಹಾಲು ಕುಡಿಯುವುದೂ ಕಡಿಮೆಯಾಗಬಹುದು.

"ಅಜ್ಜೀ, ಈ ಕೂಸನ್ನ ನೀವೇ ಎತ್ತಿ ಅದರವ್ವನ ಎದೆಗೆ ಹಾಕ್ಬೇಕು. ನಿಮ್ ಗುಣ ಕೈಯಿಂದ್ಲೂ ಹೋಗ್ತೈತೆ ಅಲ್ವಾ?"

ರಂಗಮ್ಮಾಳ್ ಅವಳತ್ತ ಬೆರಳು ತೋರಿಸಿದರು.

"ನನ್ ಗುಣ ಬಂದ್ರೆ ನಿನ್ ಕೂಡೇ ಜಗಳಕ್ಕೆ ನಿಲ್ತೈತೆ, ನೋಡ್ಕೋ."

ನಾಲ್ಕನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸುಗನ್ಯಾಳಿಗೆ ಹೆಣ್ಣು ಕೂಸು ಹುಟ್ಟಿತು. ರಂಗಮ್ಮಾಳ್ ಸೋಪು ಹಚ್ಚಿ ಮೊಳಕೈವರೆಗೆ ತೊಳೆದು ಬಂದರು. ಕೂಸನ್ನು ಎತ್ತಿ ತಾಯಿಯ ಎದೆಗೆ ಹಾಕಿದರು. ಅರ್ಧ ಗಂಟೆಯೊಳಗೆ ಅದು ಹಾಲು ಚೀಪತೊಡಗಿತು. ಆ ಶಬ್ದ ಕೇಳಿ ಅಜ್ಜಿ ನಕ್ಕರು.

ಮಗಳನ್ನು ಕರೆದೊಯ್ಯಲು ಬಂದಿದ್ದ ಪೆರುಮಾಳ್ ಹೊರಗೆ ನಿಂತಿದ್ದರು. ರಂಗಮ್ಮಾಳ್ ನೇರ ಅವರ ಬಳಿಗೇ ಹೋದರು.

"ಇವಳ್ನ ತೋಟಕ್ಕೆ ಕರೀಬ್ಯಾಡ ಪೆರುಮಾಳು. ತೈ ತಿಂಗಳಾಗೆ, ಸಂಕ್ರಾಂತಿ ಹೊತ್ಗೆ, ಇನ್ನೊಬ್ಬ ಮೊಮ್ಮಗಳ ಹೆರಿಗೆ ಐತೆ. ನಮ್ಗೆ ಇವ್ಳೇ ಬೇಕು."

ಅಂದು ಸಂಜೆ ಪೆರುಮಾಳ್ ಬೀದಿಯ ಮನೆಮನೆಗೂ ಹೋಗಿ, ಮಗಳು ಕೆಲಸ ಬಿಡುವುದಿಲ್ಲವೆಂದು ತಾವೇ ಸುದ್ದಿ ಹೇಳಿದರು. ಈಗ ಎರಡು ವರ್ಷವಾಗಿದೆ. ಅಮುದಾ ಡ್ಯೂಟಿಯಲ್ಲಿದ್ದಾಳೆಯೇ ಎಂದು ಕೇಳಿಕೊಂಡೇ ಬಸುರಿಯರು ಬರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ತಾಯಿಯ ಹಾಲು ಕೊಡಿ. ಆರು ತಿಂಗಳು ಅದೊಂದೇ ಸಾಕು. ಔಷಧಿ ಬೇಕಿದ್ದರೆ ಡಾಕ್ಟರ್ ಹೇಳುತ್ತಾರೆ. ನಿಮ್ಮ ಮನೆಯ ಮಗಳೋ ಮಗನೋ ಆಸ್ಪತ್ರೆಯ ಕೆಲಸಕ್ಕೆ ಸೇರಿ ಮೊದಲ ವರ್ಷ ಅಳುತ್ತಾ ಬಂದರೆ, ಬಿಟ್ಟುಬಿಡು ಎನ್ನಬೇಡಿ. ಏನಾಯಿತೆಂದು ಕೇಳಿ. ಊಟ ಬಡಿಸಿ. ಬೆಳಿಗ್ಗೆ ಡ್ಯೂಟಿಗೆ ಕಳಿಸಿ.